ಹೊಸ ಮನೆ, ಹೊಸ ಶಾಲೆ ಮತ್ತು ಮಕ್ಕಳ ಅಂಜಿಕೆ

ಮೇ ತಿಂಗಳ ಕೊನೆಯ ವಾರ ಬಂದಿತೆಂದರೆ ನಮ್ಮ ರಾಜೇಶ್ವರದ ಹೆದ್ದಾರಿಯಲ್ಲಿ ಮನೆಸಾಮಾನು ಹೇರಿದ ಟೆಂಪೋಗಳು ಕಾಣತೊಡಗುತ್ತವೆ. ಗಾದಿಯ ಸುರುಳಿ, ಕಬ್ಬಿಣದ ಪೆಟ್ಟಿಗೆ, ಜೋಳದ ಚೀಲ, ಎಲ್ಲಕ್ಕೂ ಮೇಲೆ ಹಗ್ಗದಿಂದ ಬಿಗಿದ ಮಕ್ಕಳ ಸೈಕಲ್ಲು. 65ನೆಯ ಸಂಖ್ಯೆಯ ಈ ರಾಷ್ಟ್ರೀಯ ಹೆದ್ದಾರಿ ಒಂದು ಕಡೆ ಸೋಲಾಪುರ, ಪುಣೆಗಳಿಗೂ ಇನ್ನೊಂದು ಕಡೆ ಹುಮನಾಬಾದ್, ಜಹೀರಾಬಾದ್ ದಾಟಿ ಹೈದರಾಬಾದಿಗೂ ಹೋಗುತ್ತದೆ. ನೌಕರಿ, ಕೂಲಿ, ವ್ಯಾಪಾರ ಎಂದು ನಮ್ಮ ಭಾಗದ ಜನರು ಈ ಎರಡು ದಿಕ್ಕುಗಳಿಗೂ ಹೊರಡುತ್ತಲೇ ಬಂದಿದ್ದಾರೆ. ಹೊರಡುವ ನಿರ್ಧಾರ ಹಿರಿಯರದು. ಅದನ್ನು ಮಕ್ಕಳಿಗೆ ತಿಳಿಸುವುದು ಬಹುತೇಕ ಮನೆಗಳಲ್ಲಿ ಕಡೆಯ ಗಳಿಗೆಯ ಕೆಲಸ.

ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಮಾತನಾಡಿದಳು. ಪತಿಗೆ ಪುಣೆಯಲ್ಲಿ ಕೆಲಸ ದೊರೆತಿದೆ. ಒಂಬತ್ತು ವರ್ಷದ ಮಗ ಮಾತ್ರ ಬರಲೊಲ್ಲೆನೆಂದು ಹಟ ಹಿಡಿದಿದ್ದಾನೆ. "ಸರ್, ಅವನನ್ನು ಅತ್ತೆಯವರ ಹತ್ತಿರವೇ ಬಿಟ್ಟುಹೋಗೋಣವೇ? ಅಲ್ಲಿಯ ತೋಟ, ಮಾಲು, ಹೊಸ ಸೈಕಲ್ಲು ಎಂದೆಲ್ಲ ಆಸೆ ತೋರಿಸಿದರೂ ಒಪ್ಪುತ್ತಿಲ್ಲ" ಎಂದಳು. "ನೋಡವ್ವ, ಅವನಿಗೆ ಆಸೆ ತೋರಿಸುವುದು ಬಿಟ್ಟು, ಅಲ್ಲಿ ಯಾವುದಕ್ಕೆ ಅಂಜಿಕೆ ಎಂದು ಕೇಳು" ಎಂದೆ.

ಎರಡು ದಿನಗಳ ನಂತರ ಉತ್ತರ ಬಂತು. ಆ ಶಾಲೆಯಲ್ಲಿ ಮೂತ್ರವಿಸರ್ಜನೆಗೆ ಹೋಗಬೇಕಾದರೆ ಬಾಯಿಯವರನ್ನು ಮರಾಠಿಯಲ್ಲಿ ಹೇಗೆ ಕೇಳಬೇಕೆಂಬುದು ಹುಡುಗನಿಗೆ ತಿಳಿಯದು. ಕೇಳಲಾಗದೆ ತರಗತಿಯಲ್ಲೇ ಚಡ್ಡಿ ಒದ್ದೆಯಾದರೆ ಎಲ್ಲರೂ ನಗುತ್ತಾರೆ! ತಾಯಿತಂದೆಯರು ಮಾಲಿನ ಮಾತಾಡುತ್ತಿದ್ದಾಗ ಹುಡುಗನು ಒಂಟಿಯಾಗಿ ಹೊತ್ತಿದ್ದ ಭಾರ ಇದು. "ಮೀ ಬಾಹೇರ ಜಾಊ ಕಾ", "ಮಲಾ ಪಾಣೀ ಪಾಹಿಜೆ", "ಮಲಾ ಸಮಜಲಂ ನಾಹೀ" ಎಂಬ ಮೂರು ವಾಕ್ಯಗಳನ್ನು ದಿನಾಲು ಊಟದ ಹೊತ್ತಿನಲ್ಲಿ ಆಡಿಸಲು ಹೇಳಿದೆ. ಹೊರಗೆ ಹೋಗಲೇ, ನೀರು ಬೇಕು, ತಿಳಿಯಲಿಲ್ಲ: ಮೊದಲ ವಾರಕ್ಕೆ ಮಗುವಿಗೆ ಇಷ್ಟು ಸಾಕು.

ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ಮೇಲೆ ನನಗೆ ಮನದಟ್ಟಾದ ಸಂಗತಿ ಇದೇ. ಮಗುವಿನ ದುಃಖ ದೊಡ್ಡದಿರಬಹುದು, ಆದರೆ ಅದರ ಅಂಜಿಕೆ ಸಣ್ಣದು ಮತ್ತು ಖಚಿತವಾದುದು. ಮಧ್ಯಾಹ್ನ ಯಾರ ಪಕ್ಕ ಕುಳಿತು ಉಣ್ಣಬೇಕು? ದಾರಿ ತಪ್ಪಿದರೆ ಯಾರನ್ನು ಕೇಳಬೇಕು? ಕತ್ತಲೆಯಲ್ಲಿ ದೀಪದ ಗುಂಡಿ ಯಾವ ಗೋಡೆಗಿದೆ? ಇಂಥವು ಒಂದೊಂದಾಗಿ ಬಗೆಹರಿದರೆ ದುಃಖವನ್ನು ತಾಳುವ ಶಕ್ತಿ ಮಗುವಿಗೆ ತಾನಾಗಿ ಬರುತ್ತದೆ.

ನಮ್ಮ ಗಡಿನಾಡಿನಲ್ಲಿ ಇವೆಲ್ಲಕ್ಕಿಂತ ಮೊದಲಿನ ಅಂಜಿಕೆ ಭಾಷೆಯದು. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಹಂಚಿಹೋದಾಗ ಉದಗೀರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೂ ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಕ್ಕೂ ಸೇರಿದವು. ಬೀಗತನ ಹಾಗೆಯೇ ಉಳಿಯಿತು; ಶಾಲೆಯ ಭಾಷೆ ಬೇರೆಯಾಯಿತು. ಇಂದು ಕರ್ನಾಟಕದ 2015ರ ಕಾಯ್ದೆ ಶಾಲೆಗಳಲ್ಲಿ ಕನ್ನಡವನ್ನೂ, ತೆಲಂಗಾಣದ 2018ರ ಕಾಯ್ದೆ ತೆಲುಗನ್ನೂ, ಮಹಾರಾಷ್ಟ್ರದ 2020ರ ಕಾಯ್ದೆ ಮರಾಠಿಯನ್ನೂ ಕಡ್ಡಾಯಗೊಳಿಸಿವೆ. ಹಾಗಾಗಿ ಕೆಲವೇ ಹರದಾರಿ ದೂರ ಹೋದ ಮಗುವೂ ಹೊಸದೊಂದು ಭಾಷೆಯನ್ನು ಕಲಿಯಲೇಬೇಕು.

ಇದಕ್ಕೆ ಎದೆಗುಂದಬೇಕಾಗಿಲ್ಲ. ತೆಲುಗಿನ ಬಹಳಷ್ಟು ಅಕ್ಷರಗಳು ನಮ್ಮವನ್ನೇ ಹೋಲುತ್ತವೆ. ಮರಾಠಿಯ ಲಿಪಿ ಹಿಂದಿಯದೇ ಆದ ದೇವನಾಗರಿ. ಮೂರರಲ್ಲಿಯೂ ವರ್ಣಮಾಲೆಯ ಕ್ರಮ ಒಂದೇ. ರಜೆಯಲ್ಲಿ ಕನ್ನಡದ ಕ, ಖ, ಗಗಳ ಎದುರಿಗೆ ಹೊಸ ಅಕ್ಷರಗಳನ್ನು ಬರೆಯಿಸಿದರೆ ಮಗು ಬರಿಗೈಯಲ್ಲಿ ಹೋದಂತಾಗುವುದಿಲ್ಲ.

ಊರಿಗೆ ಮರಳಿ ಬರುವ ಮಕ್ಕಳ ಪಾಡೂ ಬೇರೆಯಲ್ಲ. ಹೈದರಾಬಾದಿನಿಂದ ಬಂದು ಎಂಟನೆಯ ತರಗತಿಗೆ ಸೇರಿದ ಹುಡುಗನೊಬ್ಬ ಗಣಿತದ ಅವಧಿಯಲ್ಲಿ ತಲೆಯೆತ್ತುತ್ತಿರಲಿಲ್ಲ. ದಡ್ಡನೆಂದು ಜೊತೆಯವರು ತೀರ್ಮಾನಿಸಿಬಿಟ್ಟಿದ್ದರು. ಮಗ್ಗಿ ಹೇಳಲು ಎಬ್ಬಿಸಿದರೆ ಮೌನ. "ನಿನಗೆ ಬರುವ ಭಾಷೆಯಲ್ಲಿ ಹೇಳಪ್ಪ" ಎಂದಾಗ ಹದಿಮೂರರ ಮಗ್ಗಿಯನ್ನು ತೆಲುಗಿನಲ್ಲಿ ನಿಲ್ಲದೆ ಒಪ್ಪಿಸಿದ. ಅವನ ಓಣಿಯ ಹುಡುಗನನ್ನೇ ಅವನ ಪಕ್ಕದಲ್ಲಿ ಕೂಡಿಸಿದೆ. ಶಾಲೆಗೆ ಬರುವಾಗ, ಹೋಗುವಾಗ ಇಬ್ಬರೂ ಜೊತೆಯಾದರು. ದೀಪಾವಳಿಯ ಹೊತ್ತಿಗೆ ಅವನು ಕನ್ನಡದಲ್ಲಿಯೇ ಜಗಳವಾಡುತ್ತಿದ್ದ! ಹತ್ತನೆಯ ತರಗತಿಯನ್ನೂ ಇಲ್ಲಿಯೇ ಮುಗಿಸಿದ. ಆ ಮೊದಲ ತಿಂಗಳು ಹಾಗೆಯೇ ಕಳೆದಿದ್ದರೆ ಅವನು ಶಾಲೆ ಬಿಡುತ್ತಿದ್ದನೇನೋ.

ಪಾಲಕರಿಗೆ ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶವನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ಕಾಗದಕ್ಕಾಗಿ ಕಾಯುತ್ತ ಮಗುವನ್ನು ತಿಂಗಳುಗಟ್ಟಲೆ ಮನೆಯಲ್ಲಿ ಕೂಡಿಸಿದರೆ ಅದರ ಅಂಜಿಕೆ ಬೆಳೆಯುತ್ತದೆ.

ಇನ್ನು ಅಜ್ಜಿಯ ಹತ್ತಿರ ಬಿಡುವ ಪ್ರಶ್ನೆ. ಸುಗ್ಗಿಗೊಮ್ಮೆ ತಾಣ ಬದಲಿಸುವ ಕೂಲಿಯ ಕುಟುಂಬಗಳಿಗೆ ಅದೊಂದೇ ದಾರಿಯಾಗಿರಬಹುದು. ಅವರನ್ನು ಟೀಕಿಸಲು ನಾವು ಯಾರು? ಆದರೆ ನೆಲೆನಿಲ್ಲಲೆಂದೇ ಹೊರಟ ಮನೆಯವರು ಮಗುವನ್ನು ಜೊತೆಗೆ ಕರೆದೊಯ್ಯುವುದೇ ಲೇಸೆಂದು ನನ್ನ ಅಭಿಪ್ರಾಯ. ಇಂದು ಒಂಬತ್ತನೆಯ ವಯಸ್ಸಿಗೆ ಕಷ್ಟವಾದುದು ಹದಿನಾಲ್ಕಕ್ಕೆ ಇನ್ನಷ್ಟು ಕಷ್ಟವಾಗುತ್ತದೆ. ಹೊರಡುವ ಮೊದಲು ಗೆಳೆಯರ ಮನೆಗಳಿಗೆ ಹೋಗಿಬರಲು ಬಿಡಿ. ಅದರ ಗೋಲಿಗಳ ಡಬ್ಬಿ, ಹರಕು ಕೌದಿಗಳನ್ನು ಕಸವೆಂದು ಎಸೆಯಬೇಡಿ. ಅತ್ತರೆ ಅಳಲಿ.

ಮತ್ತೆ ಎಳ್ಳಮಾವಾಸ್ಯೆಗೆ ಮಕ್ಕಳನ್ನು ತಪ್ಪದೆ ಊರಿಗೆ ಕರೆತನ್ನಿ. ಹೊಲದಲ್ಲಿ ಹತ್ತು ಜನರೊಡನೆ ಕುಳಿತು ಭಜ್ಜಿ, ರೊಟ್ಟಿ ಉಂಡು, ಅಂಬಲಿ ಕುಡಿದು ಹೋಗಲಿ. ಡಿಸೆಂಬರಿನಲ್ಲೋ ಜನವರಿಯಲ್ಲೋ ಬರುವ ಆ ದಿನವನ್ನು ಹೊರಡುವಾಗಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ ಮಗುವಿನ ಕೈಗೆ ಕೊಡಿರಿ.