ಒಂದು ಗೀಟಿನ ವರ್ಷ

ರೋಮನ್ ನಾಣ್ಯ ಕೈಗೆ ಬಂದರೆ ಎಲ್ಲರೂ ಮೊದಲು ಮುಖ ನೋಡುತ್ತಾರೆ. ನಾನು ಟಿಆರ್‌ಪಿ ನೋಡುತ್ತೇನೆ. ಟಿ.ವಿ. ಚಾನೆಲ್‌ನವರದಲ್ಲ, ಚಕ್ರವರ್ತಿಯ ತಲೆಯ ಸುತ್ತ ಕೊರೆದಿರುವ ಟಿ, ಆರ್, ಪಿ ಎಂಬ ಮೂರು ಅಕ್ಷರ, ಅದರ ಪಕ್ಕದ ಅಂಕಿ. ‘ಟ್ರಿಬ್ಯೂನನ ಅಧಿಕಾರ, ಇಷ್ಟನೆಯ ಸಲ’ ಎಂದು ಅದರ ತಾತ್ಪರ್ಯ. ಮೊನ್ನೆ ಬಂದ, ಆಂಟೊನೈನಸ್ ಪಯಸ್ ಚಕ್ರವರ್ತಿಯ ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯದಲ್ಲಿ ಹದಿನೇಳು ಎಂದಿತ್ತು. ಅಂದರೆ ಕ್ರಿ.ಶ. 153ರ ಡಿಸೆಂಬರ್ 10ರಿಂದ ಮುಂದಿನ ಡಿಸೆಂಬರ್ 9ರೊಳಗೆ ಟಂಕಿಸಿದ್ದು. ಪಯಸ್‌ನ ನಾಣ್ಯವಾದರೆ ಆ ಅಂಕಿಗೆ 137 ಕೂಡಿಸಿ, ಇಸವಿ ಹೆಚ್ಚುಕಮ್ಮಿ ಸಿಕ್ಕಿಬಿಡುತ್ತದೆ. ಮಾರ್ಕಸ್ ಆರೇಲಿಯಸ್‌ನದಾದರೆ 146. ಪುಸ್ತಕ ಬಿಚ್ಚದೆ, ಬಾಯಿಲೆಕ್ಕದಲ್ಲೇ ಇಸವಿ ಹೇಳುವ ಜಂಬ ಇದೆಯಲ್ಲ, ಅದಕ್ಕಾಗಿಯೇ ನಾನು ಈ ಹುಚ್ಚು ಹಚ್ಚಿಕೊಂಡಿದ್ದೇನೋ!

ಬೇಜಾರೆಂದರೆ, ನಮ್ಮ ದಕ್ಷಿಣ ಭಾರತದ ನೆಲದಲ್ಲಿ ಹೇರಳವಾಗಿ ಸಿಕ್ಕಿರುವ ಎರಡು ಬೆಳ್ಳಿ ಮಾದರಿಗಳಲ್ಲಿ ಈ ಅಂಕಿಯೇ ಇಲ್ಲ. ಒಂದು, ಅಗಸ್ಟಸ್ ತನ್ನ ದತ್ತುಮಕ್ಕಳಾದ ಗೇಯಸ್ ಮತ್ತು ಲೂಸಿಯಸ್‌ರನ್ನು ಹಿಂಬದಿಯಲ್ಲಿ ನಿಲ್ಲಿಸಿದ್ದು, ಇನ್ನೊಂದು ಟೈಬೀರಿಯಸ್‌ನದು. ಯಶವಂತಪುರದಲ್ಲಿ 1891ರಲ್ಲಿ ಸಿಕ್ಕ ನಿಧಿಯಲ್ಲೂ ಈ ಇಬ್ಬರು ಚಕ್ರವರ್ತಿಗಳ ನಾಣ್ಯಗಳಿದ್ದವು. ಈ ನಾಣ್ಯಗಳಲ್ಲಿ ಮೆಣಸಿಗೆ ಬೆಲೆ ಕಟ್ಟಿದ ವರ್ತಕರಿಗೆ ಬೆಳ್ಳಿಯ ತೂಕ ಮುಖ್ಯ, ನನ್ನ ಬಾಯಿಲೆಕ್ಕ ಅಲ್ಲ.

ಈ ಅಂಕಿಯ ಹಿಂದಿನ ನಾಟಕವೇ ನನಗೆ ನಾಣ್ಯಕ್ಕಿಂತ ರುಚಿ. ಟ್ರಿಬ್ಯೂನ್ ಎಂಬುದು ಸಾಮಾನ್ಯ ಪ್ರಜೆಗಳು ಕುಲೀನರ ವಿರುದ್ಧ ಮುಷ್ಕರ ಹೂಡಿ ಗಿಟ್ಟಿಸಿಕೊಂಡ ಹುದ್ದೆ; ಐತಿಹ್ಯದ ಪ್ರಕಾರ ಕ್ರಿ.ಪೂ. 494ರಲ್ಲಿ. ಅವನ ಮೈಮುಟ್ಟುವಂತಿಲ್ಲ. ಅವನು ‘ಬೇಡ’ ಎಂದರೆ ಸೆನೆಟ್ಟಿನ ನಿರ್ಣಯವೂ ಅಲ್ಲಿಗೇ ನಿಲ್ಲಬೇಕು. ಕುಲೀನರಿಗೆ ಆ ಹುದ್ದೆ ನಿಷಿದ್ಧ. ಅಗಸ್ಟಸ್ ಕುಲೀನ. ಹಾಗಾಗಿ ಕ್ರಿ.ಪೂ. 23ರಲ್ಲಿ ಅವನು ಹುದ್ದೆಯನ್ನು ಅದರ ಪಾಡಿಗೆ ಬಿಟ್ಟು ಅಧಿಕಾರವನ್ನಷ್ಟೇ ಎತ್ತಿಕೊಂಡ! ರಾಜ ಎಂಬ ಹೆಸರು ಕೇಳಿದರೆ ರೋಮನರಿಗೆ ಮೈ ಉರಿಯುತ್ತಿತ್ತು, ಆದ್ದರಿಂದ ಬಡವರ ಕಾವಲುಗಾರನ ವೇಷ. ಮುಂದಿನ ಚಕ್ರವರ್ತಿಗಳೂ ಆಳಿದ ವರ್ಷಗಳನ್ನು ಅದೇ ವೇಷದ ಲೆಕ್ಕದಲ್ಲಿ ಎಣಿಸಿದರು. ಇಂಥ ಸಾಚಾ ಮುಖದ ಸುಳ್ಳನ್ನು ಬೆರಳುಗುರಿನಷ್ಟು ಜಾಗದಲ್ಲಿ ಕೊರೆದವರಿಗೆ ನಾನು ತಲೆಬಾಗುತ್ತೇನೆ.

ಆದರೆ ಉಜ್ಜುವವರಿಗೆ ಬಾಗಲಾರೆ. ಪರಿಚಯದ ಸಂಗ್ರಾಹಕರೊಬ್ಬರು ಪಯಸ್‌ನದೇ ಸೆಸ್ಟರ್ಷಿಯಸ್ ತೋರಿಸಿ, “ಹೇಗೆ ಲಕಲಕ ಅಂತಿದೆ ನೋಡಿ ಸಾರ್” ಎಂದರು. ಅದು ಹಿತ್ತಾಳೆಯ ನಾಣ್ಯ. ನವರಾತ್ರಿಯ ದೀಪದ ಕಂಬ ತಿಕ್ಕುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ನೂರಾರು ವರ್ಷ ಮಣ್ಣಿನಲ್ಲಿದ್ದು ಕೂಡಿಸಿಕೊಂಡ ಹಸಿರು ಪೊರೆ, ಲೋಹವನ್ನು ಕಾಯುತ್ತಿದ್ದ ಪೊರೆ, ಬಚ್ಚಲಿಗೆ ಹೋಗಿತ್ತು. ಜೊತೆಗೆ ಅಂಕಿಯ ತುದಿಯೂ ಸವೆದಿತ್ತು. ಅದು ಹದಿನಾರೋ ಹದಿನೇಳೋ ಹೇಳುವುದು ಹೇಗೆ? ಕೊನೆಯ ಗೀಟು ಹೋದರೆ ಒಂದು ವರ್ಷವೇ ಹೋದಂತೆ. “ಮುಖ ಚೆನ್ನಾಗಿದೆಯಲ್ಲ” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹದಿನೆಂಟು ನೂರು ವರ್ಷ ಯಾರೂ ಅಳಿಸದಿದ್ದುದನ್ನು ಒಂದು ಭಾನುವಾರ ಬೆಳಿಗ್ಗೆ ಅಳಿಸುವುದಕ್ಕೆ ಎಂಥ ಧೈರ್ಯ ಬೇಕು! ಇವರಿಗೆ ಹೊಳಪೇ ಬೇಕಿದ್ದರೆ ಅಂಗಡಿಯಲ್ಲಿ ಹೊಸ ತಾಂಬಾಳ ಸಿಗುತ್ತದೆ.

ಹಳೆಯ ನಾಣ್ಯವಿದ್ದವರು ದಯವಿಟ್ಟು ಅಂಚು ಹಿಡಿದು ನೋಡಿ, ನೋಡಿ ಹಾಗೇ ಇಡಿ. ಹುಣಸೆಹಣ್ಣು ಸಾರಿಗಿರಲಿ.