ಅಜ್ಜಿಯ ಹಾಡು ಮತ್ತು ನಮ್ಮ ಸ್ಪೀಕರ್



ಕಳೆದ ಸಲ ಹಾಡಿನ ಅಭ್ಯಾಸ ಮುಗಿದ ಮೇಲೆ ನಿಮ್ಮಲ್ಲಿ ಕೆಲವರು ಕೇಳಿದ್ದಿರಿ: "ಮನೆಯಲ್ಲೇ ಭಕ್ತಿಗೀತೆ ರೆಕಾರ್ಡ್ ಮಾಡೋದಕ್ಕೆ ಯಾವ ಸ್ಪೀಕರ್ ತಗೋಬೇಕು?" ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೆ ನಾವು ಕೊಂಡ ಸ್ಪೀಕರ್‌ಗಳು ನಮ್ಮದೇ ಒಂದು ತಪ್ಪನ್ನು ತೋರಿಸಿಕೊಟ್ಟವು. ಅದನ್ನೂ ಸೇರಿಸಿ ಬರೆಯುತ್ತಿದ್ದೇವೆ.

ನಾವು ಮೂವರು ಒಂದೇ ಮನೆಯ ಮೊಮ್ಮಕ್ಕಳು. ಊರು ತಮಿಳುನಾಡಿನ ತೇನಿ ಜಿಲ್ಲೆಯ ಕಾಮಯಗೌಂಡನ್‌ಪಟ್ಟಿ, ಕಂಬಂ ಕಣಿವೆಯ ದ್ರಾಕ್ಷಿ ತೋಟಗಳ ಊರು. ಆ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕುಟುಂಬಗಳಿವೆ. ನಮ್ಮದೂ ಹಾಗೆಯೇ. ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡ ಅಕ್ಷರ ಕಲಿತದ್ದು ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ, ನಿಮ್ಮ ಜೊತೆ ಹಾಡಿನ ಪುಸ್ತಕ ಹಿಡಿದು ನಿಂತಾಗ. ಅಜ್ಜಿಗೆ ಇವತ್ತಿಗೂ ಕನ್ನಡ ಓದಲು ಬರುವುದಿಲ್ಲ. ಚಿಕ್ಕಂದಿನಲ್ಲಿ ಅವರು ಕೇಳಿದ ಪೂಜೆ ಲತೀನ್ ಭಾಷೆಯದು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ದಾರಿ ಬಿಟ್ಟಿತು. ಅಲ್ಲಿಂದ ಊರಿನ ಪೂಜೆ ತಮಿಳಿನಲ್ಲಿ. ಕನ್ನಡ ಉಳಿದದ್ದು ರಾತ್ರಿ ಜಪಸರ ಮುಗಿದ ಮೇಲೆ ಅಜ್ಜಿ ಹಾಡುವ ಒಂದೇ ಒಂದು ಮಾತೆಯ ಹಾಡಿನಲ್ಲಿ. ಅವರ ತಾಯಿಯಿಂದ ಬಂದ ಹಾಡು ಅದು. ಎಲ್ಲೂ ಬರೆದಿಟ್ಟಿಲ್ಲ.

ಅದನ್ನು ಉಳಿಸಬೇಕೆಂದು ಹಿಂದಿನ ತಪಸ್ಸುಕಾಲದಲ್ಲಿ ರೆಕಾರ್ಡ್ ಮಾಡಿದೆವು. ಅಜ್ಜಿ ಯಾವ ವಾದ್ಯವೂ ಇಲ್ಲದೆ ಒಂದೇ ಸಲಕ್ಕೆ ಹಾಡಿ ಮುಗಿಸಿದರು. ಕೀಬೋರ್ಡ್, ತಾಳ, ಹಿನ್ನೆಲೆಯ ಕೋರಸ್ ಎಲ್ಲವನ್ನೂ ನಾವು ಆಮೇಲೆ ಸೇರಿಸಿದೆವು. ಮಿಕ್ಸ್ ಮಾಡಿದ್ದು ಮನೆಯ ಟಿವಿಗೆ ಹಾಕಿದ್ದ ಹೋಮ್ ಥಿಯೇಟರ್‌ನಲ್ಲಿ. ಅದರಲ್ಲಿ ಅಜ್ಜಿಯ ಸ್ವರ ಕಿವಿಗೆ ಚುಚ್ಚುತ್ತಿತ್ತು. ತಗ್ಗಿಸಿದೆವು. ಮತ್ತೆ ಸ್ವಲ್ಪ ತಗ್ಗಿಸಿದೆವು. ಈಸ್ಟರ್ ದಿನ ಎಲ್ಲರ ಮೊಬೈಲಿಗೂ ಕಳಿಸಿದೆವು. ಹೊಗಳಿಕೆಗೆ ಬರ ಇರಲಿಲ್ಲ. ಅಜ್ಜಿ ಮಾತ್ರ ಫೋನನ್ನು ಕಿವಿಗೆ ಹಿಡಿದು ಪೂರ್ತಿ ಕೇಳಿ, "ಮೇಳ ಚೆನ್ನಾಗಿದೆ ಮಕ್ಕಳಾ, ಹಾಡೋರು ಎಲ್ಲಿ?" ಅಂದರು.

ನಾವು ನಕ್ಕುಬಿಟ್ಟೆವು. ನಗು ಹೆಚ್ಚು ದಿನ ಉಳಿಯಲಿಲ್ಲ. ಆ ಮಳೆಗಾಲದಲ್ಲಿ ಅಜ್ಜಿಗೆ ಎದೆಯ ತೊಂದರೆ ಶುರುವಾಯಿತು. ಈಗ ಒಂದು ಚರಣ ಮುಗಿಸುವಷ್ಟು ಉಸಿರು ನಿಲ್ಲುವುದಿಲ್ಲ. ಅಂದರೆ ನಮ್ಮ ಹತ್ತಿರ ಇರುವುದು ಆ ಒಂದೇ ರೆಕಾರ್ಡಿಂಗ್. ದೇವರ ದಯೆ, ಅವರ ಸ್ವರದ ಟ್ರ್ಯಾಕ್ ಬೇರೆಯಾಗಿಯೇ ಉಳಿದಿತ್ತು. ಅದನ್ನು ಸರಿಯಾಗಿ ಮಿಕ್ಸ್ ಮಾಡಲೇಬೇಕೆಂದು ಸ್ಪೀಕರ್ ಹುಡುಕಲು ಹೊರಟೆವು.

ಮೊದಲು ತಿಳಿದುಕೊಂಡದ್ದು ಇದು. ಮನೆಯ ಸ್ಪೀಕರ್ ಕೇಳುವವರನ್ನು ಮೆಚ್ಚಿಸಲು ಮಾಡಿದ್ದು. ಬೇಸ್ ಒಂದಿಷ್ಟು ಉಬ್ಬಿಸುತ್ತದೆ, ಮೇಲಿನ ಸ್ವರಗಳನ್ನು ಮಿಂಚಿಸುತ್ತದೆ. ಸ್ಟುಡಿಯೋ ಮಾನಿಟರ್ ಆದಷ್ಟೂ ಇದ್ದದ್ದನ್ನು ಇದ್ದಹಾಗೆ ಕೇಳಿಸಲು ಮಾಡಿದ್ದು. ಮಾತಿನ ವ್ಯಂಜನಗಳು ಸ್ಪಷ್ಟವಾಗಿ ಕೇಳಿಸುವುದು ಹೆಚ್ಚಾಗಿ 2,000ರಿಂದ 4,000 ಹರ್ಟ್ಸ್ ನಡುವೆ. ನಮ್ಮ ಹೋಮ್ ಥಿಯೇಟರ್ ಅದೇ ಜಾಗವನ್ನು ಚುರುಕಾಗಿಸಿ ಹೇಳುತ್ತಿತ್ತು. ನಾವು ಅದನ್ನು ನಂಬಿ ಅಜ್ಜಿಯ ಮಾತನ್ನೇ ಕತ್ತರಿಸಿದ್ದೆವು.

1978ರಲ್ಲಿ ಯಮಹಾ ಕಂಪನಿ ಎನ್‌ಎಸ್-10 ಎಂಬ ಬಿಳಿ ಕೋನಿನ ಸ್ಪೀಕರನ್ನು ಮನೆಬಳಕೆಗೆಂದು ತಂದಿತು. ಬೇಸ್ ಕಡಿಮೆ, ನಡುವಿನ ಸ್ವರಗಳು ಮುಂದು. ಮನೆಯಲ್ಲಿ ಕೇಳಲು ಹಿತವಲ್ಲ. ಆದರೆ ಲೋಕದ ದೊಡ್ಡ ದೊಡ್ಡ ಸ್ಟುಡಿಯೋಗಳು ಅದನ್ನೇ ಮೇಜಿನ ಮೇಲೆ ಇಟ್ಟುಕೊಂಡವು. ಹಾಡುವವರ ಸ್ವರದಲ್ಲಿ ದೋಷವಿದ್ದರೆ ಅದು ಮುಚ್ಚಿಡುತ್ತಿರಲಿಲ್ಲ. ಅದರಲ್ಲಿ ಚೆನ್ನಾಗಿ ಕೇಳಿಸಿದರೆ ಎಲ್ಲಿಯೂ ಚೆನ್ನಾಗಿ ಕೇಳಿಸುತ್ತದೆ ಎಂಬ ನಂಬಿಕೆ ಬೆಳೆಯಿತು. 2001ರಲ್ಲಿ ಅದರ ತಯಾರಿಕೆ ನಿಂತಿತು.

ನಮ್ಮ ಆಸೆ 8 ಇಂಚಿನ ಜೋಡಿಯ ಮೇಲಿತ್ತು. ಆದರೆ ಊರಿನ ಮನೆಯ ಕೋಣೆ 10 ಅಡಿಗೆ 12 ಅಡಿ. 10 ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 57 ಹರ್ಟ್ಸ್‌ನ ಸ್ವರ ನಿಂತು ಗುಂಯ್‌ಗುಡುತ್ತದೆ. ದೊಡ್ಡ ವೂಫರ್ ತಂದರೆ ಆ ಗುಂಯ್‌ಗುಡುವಿಕೆಯೇ ಹೆಚ್ಚು. ಸ್ಪೀಕರ್ ನಿಜ ಹೇಳಿದರೂ ಕೋಣೆ ಸುಳ್ಳು ಹೇಳುತ್ತದೆ. ಸಣ್ಣ ಕೋಣೆಗೆ 5 ಇಂಚು ಸಾಕು.

ಅಂಗಡಿಗೆ ಹೋಗುವಾಗ ಎರಡು ಹಾಡು ಒಯ್ದಿದ್ದೆವು. ಒಂದು ಅಜ್ಜಿಯದು. ಇನ್ನೊಂದು 1981ರ 'ಗೀತಾ' ಚಿತ್ರದ್ದು. ಅದಕ್ಕೆ ಸಂಗೀತ ಕೊಟ್ಟ ಇಳಯರಾಜ ಅವರು ನಮ್ಮದೇ ಕಣಿವೆಯ ಕಡೆಯ ಪಣ್ಣೈಪುರದವರು, ಕನ್ನಡದ ಜಿ. ಕೆ. ವೆಂಕಟೇಶ್ ಅವರ ಕೈಕೆಳಗೆ ಕೆಲಸ ಮಾಡಿದವರು. ಚಿಕ್ಕಂದಿನಿಂದ ಕೇಳಿದ ಹಾಡು, ಯಾವ ವಾದ್ಯ ಎಲ್ಲಿ ಬರುತ್ತದೆಂದು ನಮಗೆ ಬಾಯಿಪಾಠ. ಹೀಗೆ ಚೆನ್ನಾಗಿ ಗೊತ್ತಿರುವ ಹಾಡನ್ನೇ ಒಯ್ಯಿರಿ. ಎಲ್ಲ ಸ್ಪೀಕರ್‌ಗಳನ್ನೂ ಒಂದೇ ಮಟ್ಟದ ಸದ್ದಿನಲ್ಲಿ ಕೇಳಿ. ಯಾವುದು ಜೋರೋ ಅದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಮದುವೆ ಪೂಜೆಗಳಲ್ಲಿ ಹಾಡಿ ಕೂಡಿಟ್ಟ ಹಣಕ್ಕೆ ಊರಿನಿಂದ ಬಂದ ದ್ರಾಕ್ಷಿಯ ದುಡ್ಡು ಸೇರಿಸಿ ಯಮಹಾ ಎಚ್‌ಎಸ್5 ಜೋಡಿ ಕೊಂಡು, ರಾತ್ರಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಕಂಬಂಗೆ ಒಯ್ದೆವು.

ಇಡುವ ಜಾಗ ಮುಖ್ಯ. ಎರಡು ಸ್ಪೀಕರ್, ನಮ್ಮ ತಲೆ, ಮೂರೂ ಸಮ ತ್ರಿಕೋನ ಆಗಬೇಕು. ಟ್ವೀಟರ್ ಕಿವಿಯ ಎತ್ತರಕ್ಕೆ ಬರಬೇಕು. ಮೂಲೆಗೆ ಒತ್ತಬಾರದು. ಈ ಮಾದರಿಗೆ ಬೇಸ್‌ನ ತೂತು ಹಿಂಭಾಗದಲ್ಲಿದೆ, ಗೋಡೆಗೆ ಅಂಟಿಸಿದರೆ ಬೇಸ್ ಊದಿಕೊಳ್ಳುತ್ತದೆ. ಜಾಗವೇ ಇಲ್ಲದಿದ್ದರೆ ಹಿಂದೆ ಇರುವ ರೂಮ್ ಕಂಟ್ರೋಲ್ ಸ್ವಿಚ್ಚಿನಲ್ಲಿ 2 ಅಥವಾ 4 ಡೆಸಿಬಲ್ ತಗ್ಗಿಸಬಹುದು. ಅಕ್ಕಪಕ್ಕದ ಗೋಡೆಗೆ ಬೂರುಗದ ಹತ್ತಿಯ ಹಾಸಿಗೆಗಳನ್ನು ಒರಗಿಸಿದೆವು. ಆಳದ ಬೇಸ್ ಅದರಿಂದ ನಿಲ್ಲುವುದಿಲ್ಲ, ಪ್ರತಿಧ್ವನಿ ಮಾತ್ರ ಚೆನ್ನಾಗಿ ತಗ್ಗಿತು.

ಆಮೇಲೆ ಹಳೆಯ ಮಿಕ್ಸ್ ಹಾಕಿದೆವು. ಅರ್ಧ ನಿಮಿಷಕ್ಕೇ ಮುಖ ಮುಖ ನೋಡಿಕೊಂಡೆವು. ಮೇಳ ಮುಂದೆ, ಅಜ್ಜಿ ಎಲ್ಲೋ ಹಿಂದಿನ ಕೋಣೆಯಲ್ಲಿ. ಅವರ ಸ್ವರವನ್ನು ಮೇಲಕ್ಕೆ ತಂದೆವು. ಆಗ ಇನ್ನೊಂದು ಕೇಳಿಸಿತು: ಎರಡನೇ ಸಾಲಿನಲ್ಲಿ ಅಜ್ಜಿ ಮತ್ತು ಕೀಬೋರ್ಡ್ ಕೂಡುವುದಿಲ್ಲ. "ಅಜ್ಜಿಗೆ ವಯಸ್ಸಾಯ್ತಲ್ಲ, ಶ್ರುತಿ ಜಾರಿದೆ, ಸಾಫ್ಟ್‌ವೇರಿನಲ್ಲಿ ಸರಿ ಮಾಡೋಣ" ಎಂದು ನಮ್ಮಲ್ಲೊಬ್ಬ ಕುಳಿತ. ಒಂದು ಪ್ರತಿಯಲ್ಲಿ ಮಾಡಿಯೂ ಬಿಟ್ಟ. ಸ್ವರ ನುಣುಪಾಯಿತು, ಅಜ್ಜಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿ ಇಳಿಯುವ ಆ ರೀತಿಯೇ ಹೋಯಿತು.

ಕೊನೆಗೆ ಕೀಬೋರ್ಡ್ ಮುಚ್ಚಿ ಅವರ ಟ್ರ್ಯಾಕ್ ಒಂದನ್ನೇ ಕೇಳಿದೆವು. ಎಲ್ಲೂ ಜಾರಿರಲಿಲ್ಲ. ಅಜ್ಜಿ ತಮ್ಮ ಶ್ರುತಿಯಲ್ಲಿ ನೆಟ್ಟಗೆ ಹಾಡಿದ್ದರು. ಸ್ಥಾಯಿಯನ್ನು 12 ಸಮ ಪಾಲು ಮಾಡಿದ ನಮ್ಮ ಕೀಬೋರ್ಡನ್ನು ಅದರ ಮೇಲೆ ಹೇರಿದವರು ನಾವು. ತಪ್ಪು ಅಜ್ಜಿಯದಲ್ಲ, ನಮ್ಮದು.

ಯಕೋಬನ ಪತ್ರದ ಮೊದಲ ಅಧ್ಯಾಯದಲ್ಲಿ ಕನ್ನಡಿಯಲ್ಲಿ ಮುಖ ನೋಡಿಕೊಂಡು, ಅತ್ತ ಹೋದ ಕೂಡಲೇ ಮರೆತುಬಿಡುವ ಮನುಷ್ಯನ ಮಾತು ಬರುತ್ತದೆ. ಪಾಪನಿವೇದನೆಗೆ ಮೊದಲು ಆತ್ಮಶೋಧನೆ ಮಾಡುವಾಗಲೂ ನಾವು ಬಹಳ ಸಲ ಹೋಮ್ ಥಿಯೇಟರಿನಲ್ಲೇ ಕೇಳಿಕೊಳ್ಳುತ್ತೇವೆ: ನಮ್ಮ ವಾದ್ಯ ಇಂಪು, ಬೇರೆಯವರ ಸ್ವರ ಕರ್ಕಶ. ಆ ರಾತ್ರಿ ನಮಗೆ ಅದು ನಾಟಿತು.

ಕೀಬೋರ್ಡ್, ತಾಳ, ಕೋರಸ್ ಎಲ್ಲ ತೆಗೆದೆವು. ಅಜ್ಜಿಯ ಸ್ವರ ಮಾತ್ರ ಉಳಿಸಿದೆವು. ಕೊನೆಯ ಸಾಲಿಗೆ ಮೊದಲು ಅವರು ಎಳೆದುಕೊಳ್ಳುವ ದೀರ್ಘ ಉಸಿರನ್ನೂ ಅಳಿಸಲಿಲ್ಲ. ಬೆಳಿಗ್ಗೆ ಮೊಬೈಲಿನಲ್ಲೇ ಕೇಳಿಸಿದೆವು. ಅಜ್ಜಿ ತುಟಿ ಆಡಿಸುತ್ತಾ ಜೊತೆಗೆ ಹೇಳಿಕೊಂಡರು. ಮುಗಿದ ಮೇಲೆ, "ಇದು ನಮ್ಮವ್ವ ಹಾಡಿದ ಹಾಗೇ ಇದೆ" ಅಂದರು.

ನಿಮ್ಮ ಮನೆಯಲ್ಲೂ ಹೀಗೆ ಹಾಡುವ ಹಿರಿಯರಿದ್ದರೆ, ಸ್ಪೀಕರ್ ಕೊಳ್ಳುವವರೆಗೆ ಕಾಯಬೇಡಿ. ಫೋನಿನಲ್ಲಾದರೂ ಇವತ್ತೇ ರೆಕಾರ್ಡ್ ಮಾಡಿ, ಮೂಲವನ್ನು ಮುಟ್ಟದೆ ಎರಡು ಕಡೆ ಇಟ್ಟುಕೊಳ್ಳಿ. ಮಿಕ್ಸ್ ಆಮೇಲೆ ಮಾಡಬಹುದು. ನಮ್ಮ ಅಜ್ಜಿಯನ್ನು ನಿಮ್ಮ ಜಪಸರದಲ್ಲಿ ನೆನೆಯಿರಿ.