ಜೋಳಿಗೆಯ ಊರು, ಮಗ್ಗದ ಊರು: ಇಳಕಲ್

ಬಾಗಲಕೋಟೆ ಜಿಲ್ಲೆಯ ಇಳಕಲ್ ಪಟ್ಟಣದ ಹೆಸರನ್ನು ಕೇಳದ ಕನ್ನಡದ ಮನೆ ವಿರಳ. ನಮ್ಮ ತಾಯಂದಿರ, ಅಜ್ಜಿಯರ ಟ್ರಂಕುಗಳಲ್ಲಿ ಆ ಊರಿನ ಹೆಸರು ಕೆಂಪು ಸೆರಗಾಗಿ ಮಡಿಕೆಯೊಳಗೆ ಕುಳಿತಿದೆ. ಬಹುಕಾಲ ಹುನಗುಂದ ತಾಲೂಕಿಗೆ ಸೇರಿದ್ದು, 1997ರಲ್ಲಿ ವಿಜಾಪುರ ಜಿಲ್ಲೆ ವಿಭಜನೆಗೊಂಡಾಗ ಬಾಗಲಕೋಟೆ ಜಿಲ್ಲೆಯ ಪಾಲಿಗೆ ಬಂದ ಈ ಊರು ಇತ್ತೀಚಿನ ವರ್ಷಗಳಲ್ಲಿ ತಾನೇ ತಾಲೂಕು ಕೇಂದ್ರವಾಗಿದೆ. ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮವೂ ಇದೇ ಸೀಮೆಯದು. ಸಂಗಮನಾಥನ ದರ್ಶನಕ್ಕೆ ಹೋದ ನಾವು ಆ ಶ್ರಾವಣದಲ್ಲಿ ಇಳಕಲ್ಲಿಗೂ ಹೋಗಿ ಎರಡು ದಿನ ಉಳಿದೆವು.

ದೂರದಿಂದ ಬರುವವರಿಗೆ ಮೊದಲು ಕಾಣುವುದು ಕಲ್ಲು. ನಸುಗೆಂಪು ಬಣ್ಣದ ಇಲ್ಲಿಯ ಗ್ರಾನೈಟ್ ಶಿಲೆ ದೇಶವಿದೇಶಗಳ ಕಟ್ಟಡಗಳಿಗೆ ಹೋಗಿದೆ. ಊರೊಳಗೆ ಕಾಲಿಟ್ಟರೆ ಕಲ್ಲಿನ ಸದ್ದು ಹಿಂದಾಗಿ ಮಗ್ಗದ ಸದ್ದು ಕಿವಿಗೆ ಬೀಳುತ್ತದೆ. ಅದರಲ್ಲಿಯೂ ಎರಡು ಬಗೆ. ಒಂದು, ಬಿಡುವಿಲ್ಲದೆ ಬಡಿಯುವ ವಿದ್ಯುತ್ ಮಗ್ಗದ್ದು. ಇನ್ನೊಂದು, ನಡುನಡುವೆ ಉಸಿರು ತೆಗೆದುಕೊಳ್ಳುವ ಕೈಮಗ್ಗದ್ದು. ಈ ಎರಡನೆಯದನ್ನು ಕೇಳಬೇಕಾದರೆ ಈಗ ಓಣಿಯಿಂದ ಓಣಿಗೆ ಹುಡುಕಿಕೊಂಡು ಹೋಗಬೇಕಾಗಿದೆ.

ನಾವು ಕಂಡ ಒಂದು ಮನೆಯ ಪಡಸಾಲೆಯಲ್ಲಿ ಕುಣಿಮಗ್ಗವಿತ್ತು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಯಜಮಾನರು ಲಾಳಿ ಆಡಿಸುತ್ತಿದ್ದರು. ಅವರ ಮನೆಯವರು ಪಕ್ಕದಲ್ಲಿ ಕುಳಿತು ಕಂಡಿಕೆ ಸುತ್ತುತ್ತಿದ್ದರು. ಇಳಕಲ್ ಸೀರೆಯ ವೈಶಿಷ್ಟ್ಯ ಅದರ ಕೂಡಿಕೆಯಲ್ಲಿದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಸಾಮಾನ್ಯವಾಗಿ ಹತ್ತಿಯದಾದರೆ ಸೆರಗು ರೇಷ್ಮೆಯದು. ಈ ಎರಡು ಹಾಸುಗಳ ಎಳೆಗಳನ್ನು ಒಂದರೊಳಗೊಂದು ಕೊಂಡಿ ಹಾಕಿ ಜೋಡಿಸುತ್ತಾರೆ. ಆದುದರಿಂದ ಇಂಥ ಪ್ರತಿ ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕು. ಕೆಂಪು ಸೆರಗಿನ ಮೇಲೆ ಬಿಳಿಯ ಎಳೆಯಲ್ಲಿ ಮೂಡುವ ತೋಪು ತೆನೆಯ ಚಿತ್ತಾರದಲ್ಲಿ ಬಾಚಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆಗಳನ್ನು ಗುರುತಿಸಬಹುದು. ಈ ಸೀಮೆಯ ಹೆಣ್ಣುಮಕ್ಕಳು ದಿನವೂ ಕಂಡದ್ದೇ ಅವರ ಹೆಗಲ ಮೇಲೆ ಬಂದು ಕುಳಿತಿದೆ.

“ಇದು ಒಬ್ಬರ ಕೆಲಸ ಅಲ್ರೀ. ಮನಿ ಮಂದಿ ಎಲ್ಲಾ ಕೂಡಿದ್ರನ ಒಂದು ಸೀರಿ” ಎಂದರು ಆ ತಾಯಿ. ನೂಲು ಬಿಚ್ಚುವುದು, ಬಣ್ಣ ಹಾಕುವುದು, ಕಂಡಿಕೆ ಸುತ್ತುವುದು, ಹಾಸು ಹೂಡುವುದು, ಕೊಂಡಿ ಕೂಡಿಸುವುದು, ಆ ಮೇಲೆ ನೇಯುವುದು. ಇವುಗಳಲ್ಲಿ ಒಂದು ಕೈ ಸಡಿಲಾದರೂ ಮಗ್ಗ ನಿಲ್ಲುತ್ತದೆ. ಒಂದು ಕೈ ಕುಡಿತಕ್ಕೆ ಬಿದ್ದರಂತೂ ಮನೆಯೇ ನಿಲ್ಲುತ್ತದೆ. ಈ ಮಾತನ್ನು ಅರಿತವರಿಗೆ ಇಳಕಲ್ಲಿನ ಇನ್ನೊಂದು ಹೆಸರಿನ ಅರ್ಥ ತಾನಾಗಿ ತಿಳಿಯುತ್ತದೆ. ಆ ಹೆಸರು ಮಹಾಂತ ಜೋಳಿಗೆ.

ಚಿತ್ತರಗಿ-ಇಳಕಲ್ ವಿಜಯ ಮಹಾಂತೇಶ್ವರ ಮಠದ ಪೀಠಾಧಿಪತಿಗಳಾಗಿದ್ದ ಡಾ. ಮಹಾಂತ ಶಿವಯೋಗಿಗಳು 1930ರ ಆಗಸ್ಟ್ 1ರಂದು ಜನಿಸಿದವರು. ಜಂಗಮರು ಜೋಳಿಗೆ ಹಿಡಿದು ಕಾಳುಕಡಿ ಬೇಡುವುದು ನಮ್ಮಲ್ಲಿ ಹಳೆಯ ರೂಢಿ. ಆ ಕಾಳಿನಿಂದ ಮಠದ ದಾಸೋಹ ನಡೆಯುತ್ತದೆ. 1970ರ ದಶಕದಲ್ಲಿ ಅಪ್ಪಗಳು ಅದೇ ಜೋಳಿಗೆಯನ್ನು ಹೆಗಲಿಗೇರಿಸಿ ಓಣಿ ಓಣಿಗೆ ಹೊರಟರು. ಆದರೆ ಬೇಡಿದ್ದು ಕಾಳನ್ನಲ್ಲ, ಕಾಣಿಕೆಯನ್ನಲ್ಲ. “ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿರಿ” ಎಂಬುದು ಅವರ ಭಿಕ್ಷೆಯಾಗಿತ್ತು. ಜನರು ಬೀಡಿಯ ಕಟ್ಟು, ತಂಬಾಕಿನ ಚೀಟು, ಸಾರಾಯಿಯ ಪೊಟ್ಟಣಗಳನ್ನು ಹಾಕಿ, ಇನ್ನು ಮುಟ್ಟೆವೆಂದು ಸಂಕಲ್ಪ ಮಾಡಿದರು. ಜಾತಿಯನ್ನಾಗಲಿ ಧರ್ಮವನ್ನಾಗಲಿ ಆ ಜೋಳಿಗೆ ಕೇಳಲಿಲ್ಲ.

ಕೊಡುವವನು ಮೇಲು, ಬೇಡುವವನು ಕೆಳಗು ಎಂಬುದು ಲೋಕದ ಲೆಕ್ಕ. ಇಲ್ಲಿ ಗುರುವೇ ಬಾಗಿಲಿಗೆ ಬಂದು ಬೇಡಿದಾಗ ಕುಡುಕನೆಂದು ಊರೆಲ್ಲ ಹೀಗಳೆದವನು ದಾನಿಯಾಗಿ ನಿಂತನು. ನಾಲ್ಕು ಜನರೆದುರು ಅವನ ಮಾನ ಹೋಗಲಿಲ್ಲ, ಹಿಂದಿರುಗಿ ಬಂದಿತು. ಕೊಟ್ಟ ವಸ್ತುವನ್ನು ಮರಳಿ ಬಯಸುವುದು ನಾಚಿಕೆಗೇಡೆಂಬ ಭಾವನೆ ನಮ್ಮ ಜನರಲ್ಲಿ ಆಳವಾಗಿದೆ. ಉಪದೇಶಕ್ಕೆ ಬಗ್ಗದ ಮನಸ್ಸು ಆ ಭಾವನೆಗೆ ಬಗ್ಗಿತೆಂದು ನಮಗೆ ತೋರುತ್ತದೆ.

ಕಾನೂನು ತನ್ನ ಕೆಲಸವನ್ನು ಆಮೇಲೆ ಮಾಡಿತು. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತು. 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೂ ಚಟಗಳು ಅಳಿಯಲಿಲ್ಲ. ಒಂದು ಪೊಟ್ಟಣ ಹೋದಲ್ಲಿ ಇನ್ನೊಂದು ಬಾಟಲಿ ಬಂದಿತು. ಮಾರುವವನ ಅಂಗಡಿಯನ್ನು ಸರ್ಕಾರ ಮುಚ್ಚಿಸಬಹುದು, ಕುಡಿಯುವವನ ಬಾಯನ್ನು ಅವನೇ ಮುಚ್ಚಿಕೊಳ್ಳಬೇಕು. ಅಪ್ಪಗಳು 2018ರ ಮೇ ತಿಂಗಳಲ್ಲಿ ಲಿಂಗೈಕ್ಯರಾದರು. ಮುಂದೆ ರಾಜ್ಯ ಸರ್ಕಾರ ಅವರ ಜನ್ಮದಿನವಾದ ಆಗಸ್ಟ್ 1ನ್ನು ವ್ಯಸನಮುಕ್ತ ದಿನವೆಂದು ಆಚರಿಸತೊಡಗಿತು. ಈಗ ಆ ದಿನ ನಾಡಿನ ಶಾಲೆ, ಕಚೇರಿಗಳಲ್ಲಿ ಪ್ರತಿಜ್ಞೆ ನಡೆಯುತ್ತದೆ. ಒಂದು ಸಣ್ಣ ಊರಿನ ಓಣಿಯ ಸುದ್ದಿ ಹೀಗೆ ನಾಡಿನ ಸುದ್ದಿಯಾಯಿತು.

ಶ್ರಾವಣದಲ್ಲಿ ಮಠದ ಅಂಗಳ ತುಂಬಿರುತ್ತದೆ. ಪ್ರಸಾದದ ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ತಮ್ಮ ಕಥೆಯನ್ನು ನಾಲ್ಕೇ ಮಾತಿನಲ್ಲಿ ಹೇಳಿದರು: “ಹೆಂಡತಿ ತಾಳಿ ಬಿಟ್ಟು ಎಲ್ಲಾ ಮಾರಿದ್ದೆ. ಅಪ್ಪಾರು ಮನಿ ಮುಂದ ಬಂದು ನಿಂತ್ರು. ಇಲ್ಲ ಅನ್ನಾಕ ಆಗಲಿಲ್ಲ. ಮರುದಿನ ಮಗ್ಗಕ್ಕ ಕುಂತೆ.” ಆ ಮಗ್ಗ ಈಗ ಇದೆಯೇ ಎಂದು ಕೇಳಿದೆವು. ಹಿರಿಯರು ತಡೆದು ನುಡಿದರು: “ಕುಡಿತ ಬಿಟ್ಟಿದ್ದು ಉಳೀತ್ರಿ. ಮಗ್ಗ ಉಳೀಲಿಲ್ಲ. ಮಗ ದುಡಿಯಾಕ ಬ್ಯಾರೆ ಊರಿಗೆ ಹ್ವಾದ.”

ಈ ಮಾತು ನಮ್ಮನ್ನು ಹಿಂಬಾಲಿಸಿತು. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆದರೆ ಕೈಮಗ್ಗದ ಮೇಲೆ ಹಲವು ದಿನ ಕುಳಿತು ನೇಯ್ದ ಸೀರೆಯ ಪಕ್ಕದಲ್ಲಿಯೇ, ಅದೇ ಬಣ್ಣದ, ಅದೇ ಅಂಚಿನ ವಿದ್ಯುತ್ ಮಗ್ಗದ ಸೀರೆ ಕಡಿಮೆ ಬೆಲೆಗೆ ಮಾರಾಟವಾಗುತ್ತದೆ. ವಿದ್ಯುತ್ ಮಗ್ಗದವರೂ ದುಡಿದೇ ಉಣ್ಣುವವರು, ಅವರನ್ನು ನಾವು ದೂರುವುದಿಲ್ಲ. ಆದರೆ ಅದನ್ನು ಕೈಮಗ್ಗದ್ದೆಂದು ಹೇಳಿ ಮಾರುವುದು ನೇಕಾರನ ಕಾಯಕಕ್ಕೂ ಕೊಳ್ಳುವವರ ನಂಬಿಕೆಗೂ ಬಗೆದ ದ್ರೋಹ. ಜೇಡರ ದಾಸಿಮಯ್ಯನವರು ಮಗ್ಗದ ಮುಂದೆ ಕುಳಿತೇ ಶರಣರೆನಿಸಿದ ಪರಂಪರೆ ನಮ್ಮದು. ಅವರ ಜಯಂತಿಯಂದು ಭಾವಚಿತ್ರಕ್ಕೆ ಮಾಲೆ ಹಾಕುವ ನಾವು, ಅವರ ಕಾಯಕವನ್ನು ಮುಂದುವರಿಸುತ್ತಿರುವವರ ಮನೆಯ ಒಲೆಯ ಬಗೆಗೂ ಯೋಚಿಸಬೇಕಲ್ಲವೆ? ದುಡಿಮೆಗೆ ತಕ್ಕ ಬೆಲೆ ಬಾರದ ಮನೆಗೆ ನಿರಾಶೆ ಬರುತ್ತದೆ. ನಿರಾಶೆಯ ಹಿಂದೆಯೇ ಚಟ ಬಂದು ಬಾಗಿಲು ತಟ್ಟುತ್ತದೆ. ಜೋಳಿಗೆಯೂ ಮಗ್ಗವೂ ಒಂದೇ ಸೀರೆಯ ಹಾಸುಹೊಕ್ಕುಗಳು.

ಆದುದರಿಂದ ನಮ್ಮ ಓದುಗ ಬಂಧುಗಳಲ್ಲಿ, ವಿಶೇಷವಾಗಿ ತಾಯಂದಿರಲ್ಲಿ, ನಮ್ಮದೊಂದು ವಿನಂತಿ. ಕೂಡಲಸಂಗಮಕ್ಕೆ ಹೋದಾಗ ಇಳಕಲ್ಲಿಗೂ ಹೋಗಿರಿ. ಶ್ರೀಮಠದಲ್ಲಿ ಪ್ರಸಾದ ಸ್ವೀಕರಿಸಿ, ಮಗ್ಗದ ಓಣಿಯಲ್ಲಿ ಒಂದು ಸುತ್ತು ನಡೆಯಿರಿ. ಮನೆಯಲ್ಲಿ ಮದುವೆ, ಸೀಮಂತಗಳಿದ್ದಾಗ ಒಂದು ಸೀರೆಯನ್ನಾದರೂ ನೇಕಾರನ ಕೈಯಿಂದಲೇ ಕೊಳ್ಳಿರಿ. ಒಡಲೂ ಸೆರಗೂ ಕೂಡುವೆಡೆಯಲ್ಲಿ ಕೊಂಡಿಯ ಸಾಲನ್ನು ತೋರಿಸಿರೆಂದು ಕೇಳಿರಿ, ಕೈಮಗ್ಗದ ಗುರುತಿನ ಚೀಟಿ ಇದೆಯೇ ಎಂದು ವಿಚಾರಿಸಿರಿ. ಮಕ್ಕಳನ್ನೂ ಜೊತೆಗೆ ಕರೆದೊಯ್ದು ಅದನ್ನು ತೋರಿಸಿರಿ. ಇನ್ನು ಮನೆಯಲ್ಲಿ ಚಟಕ್ಕೆ ಬಿದ್ದವರಿದ್ದರೆ ಅವರನ್ನು ಹೀಗಳೆಯದೆ, ಅಪ್ಪಗಳು ಬೇಡಿದಂತೆ ಪ್ರೀತಿಯಿಂದ ಬೇಡಿರಿ. ಆ ಜೋಳಿಗೆಯನ್ನು ಹೊರಲು ಕಾವಿಯೇ ಬೇಕೆಂದಿಲ್ಲ. ತಾಯಿಯ ಸೆರಗೂ ಜೋಳಿಗೆಯಾಗಬಲ್ಲದು.